ಹಿರಿಯರ ಉಯಿಲು: ನೆರವಿಗೆ ನಿಲ್ಲುವ ಕಿರಿಯರು ಅರಿತಿರಬೇಕಾದ ಸಂಗತಿಗಳು

ವ್ಯಾಪಾರಸ್ಥರು ಪ್ರತಿ ವರ್ಷ ಮಾರ್ಚ್ 31ಕ್ಕೆ ದಾಸ್ತಾನು ಎಣಿಸುತ್ತಾರೆ, ಕೊಡುವ ಮತ್ತು ಬರುವ ಬಾಕಿಗಳ ಪಟ್ಟಿ ಮಾಡುತ್ತಾರೆ, ಲೆಕ್ಕ ಮುಗಿಸಿ ಅಢಾವೆ ಪತ್ರಿಕೆಗೆ ಸಹಿ ಹಾಕುತ್ತಾರೆ. ಆದರೆ ಜೀವಮಾನದ ಗಳಿಕೆ ತಮ್ಮ ನಂತರ ಯಾರಿಗೆ, ಯಾವ ರೀತಿಯಲ್ಲಿ ಸೇರಬೇಕೆಂಬುದನ್ನು ಬರೆದಿಡುವ ಕಾರ್ಯವನ್ನು ಮಾತ್ರ ವರ್ಷದಿಂದ ವರ್ಷಕ್ಕೆ ಮುಂದೂಡುತ್ತಾರೆ. ಉಯಿಲಿನ ಮಾತೆತ್ತುವುದೇ ಅಪಶಕುನವೆಂಬ ಭಾವನೆ ಒಂದೆಡೆ, ‘ಮಕ್ಕಳು ಹೊಂದಿಕೊಂಡು ಹೋಗುತ್ತಾರೆ’ ಎಂಬ ನಂಬಿಕೆ ಮತ್ತೊಂದೆಡೆ. ಸರಳ ಕುಟುಂಬಗಳಲ್ಲಿ ಈ ನಂಬಿಕೆ ನಿಜವಾಗಲೂಬಹುದು. ಎರಡನೆಯ ವಿವಾಹ, ಅಕಾಲದಲ್ಲಿ ತೀರಿಕೊಂಡ ಮಗ, ವಿಶೇಷ ಆರೈಕೆ ಬೇಕಾದ ಮಗು, ಸಹೋದರರೊಡನೆ ಜಂಟಿ ವ್ಯವಹಾರ ಇವುಗಳಿರುವ ಕುಟುಂಬಗಳಲ್ಲಿ ಉಯಿಲಿಲ್ಲದ ಮರಣವು ಅಂಗಡಿಯ ಬಾಗಿಲಿಗೇ ದಾವೆಯನ್ನು ತಂದು ನಿಲ್ಲಿಸುತ್ತದೆ.

ಇಂತಹ ಸಂದರ್ಭಗಳಲ್ಲಿ ಹಿರಿಯರು ಸಾಮಾನ್ಯವಾಗಿ ಮೊದಲು ಮಾತನಾಡುವುದು ವಕೀಲರೊಡನೆ ಅಲ್ಲ; ನಂಬಿಕೆಯ ಸೋದರಳಿಯ, ತಮ್ಮನ ಮಗ ಅಥವಾ ಅಳಿಯನೊಡನೆ. ಹಾಗೆ ನೆರವಿಗೆ ನಿಲ್ಲುವವರು ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಬಾರದು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಒಂದು ಉದಾಹರಣೆ

ವಿಷಯ ಸ್ಪಷ್ಟವಾಗಲು ಒಂದು ಕಾಲ್ಪನಿಕ ಕುಟುಂಬವನ್ನು ಗಮನಿಸೋಣ. ದಾವಣಗೆರೆಯ ಮಾರುಕಟ್ಟೆಯಲ್ಲಿ ಐವತ್ತು ವರ್ಷಗಳಿಂದ ದಲಾಲಿ ಅಂಗಡಿ ನಡೆಸಿದ ಒಬ್ಬ ಹಿರಿಯ ಹಿಂದೂ ವರ್ತಕರು, ವಯಸ್ಸು 77. ಮೊದಲ ಪತ್ನಿ ತೀರಿಕೊಂಡಿದ್ದಾರೆ. ಆ ವಿವಾಹದಿಂದ ಮೂವರು ಮಕ್ಕಳು: ಅಂಗಡಿಯಲ್ಲಿ ಪಾಲುದಾರನಾಗಿರುವ ಹಿರಿಯ ಮಗ, ಹುಬ್ಬಳ್ಳಿಗೆ ಮದುವೆಯಾಗಿ ಹೋದ ಮಗಳು ಮತ್ತು ಅಪಘಾತದಲ್ಲಿ ಮಡಿದ ಕಿರಿಯ ಮಗ. ಕಿರಿಯ ಮಗನ ಪತ್ನಿ ಹಾಗೂ ಅಪ್ರಾಪ್ತ ವಯಸ್ಸಿನ ಮಗಳು ಇದ್ದಾರೆ. ಪತ್ನೀವಿಯೋಗದ ನಂತರ ಹಿರಿಯರು ವಿಧವೆಯೊಬ್ಬರನ್ನು ವಿವಾಹವಾದರು. ಆಕೆಯ ಮೊದಲ ವಿವಾಹದ ಮಗಳು ಇದೇ ಮನೆಯಲ್ಲಿ ಬೆಳೆದಳು; ಈ ಎರಡನೆಯ ವಿವಾಹದಿಂದ ಜನಿಸಿದ ಮಗನಿಗೆ ಬೌದ್ಧಿಕ ನ್ಯೂನತೆಯಿದ್ದು ಜೀವನಪರ್ಯಂತ ಆರೈಕೆ ಬೇಕು.

ಆಸ್ತಿಗಳು ಹೀಗಿವೆ: ಪೇಟೆಯ ಹಳೆಯ ಮನೆ, ಬಡಾವಣೆಯಲ್ಲಿ ಕಟ್ಟಿಸಿದ ವಾಸದ ಮನೆ, ಬಾಡಿಗೆ ಬರುವ ವಾಣಿಜ್ಯ ಕಟ್ಟಡ, ಮೂರು ಎಕರೆ ಅಡಿಕೆ ತೋಟ, ಬ್ಯಾಂಕ್ ಠೇವಣಿ, ಷೇರುಗಳು ಹಾಗೂ ತಮ್ಮ ಮತ್ತು ಹಿರಿಯ ಮಗನೊಡನೆ ನಡೆಸುವ ಪಾಲುದಾರಿಕೆ ಸಂಸ್ಥೆಯಲ್ಲಿನ ಬಂಡವಾಳ. ಅಂಗಡಿಯ ಲೆಕ್ಕಪತ್ರ ನೋಡಿಕೊಳ್ಳುವ ಸೋದರಳಿಯನನ್ನು ಕರೆದು ಅವರು ಹೇಳುತ್ತಾರೆ: ‘ಎಲ್ಲರಿಗೂ ನ್ಯಾಯವಾಗುವಂತೆ ಏನಾದರೂ ಬರೆದಿಡಬೇಕಪ್ಪಾ.’

ಉಯಿಲು ಇಲ್ಲದಿದ್ದರೆ

ಮೊದಲಿಗೆ ಹಿರಿಯರಿಗೆ ತೋರಿಸಬೇಕಾದ ಲೆಕ್ಕವೆಂದರೆ, ಏನೂ ಬರೆಯದಿದ್ದರೆ ಕಾನೂನು ಆಸ್ತಿಯನ್ನು ಹೇಗೆ ಹಂಚುತ್ತದೆ ಎಂಬುದು. ಹಿಂದೂ ಉತ್ತರಾಧಿಕಾರ ಅಧಿನಿಯಮ, 1956ರ ಪ್ರಕಾರ ಹಿಂದೂ ಪುರುಷನ ಸ್ವಂತ ಆಸ್ತಿ ಪ್ರಥಮ ವರ್ಗದ ವಾರಸುದಾರರಿಗೆ ಏಕಕಾಲಕ್ಕೆ ಸೇರುತ್ತದೆ. ಪತ್ನಿಗೆ ಒಂದು ಭಾಗ, ಜೀವಂತವಿರುವ ಪ್ರತಿ ಮಗ ಮತ್ತು ಮಗಳಿಗೆ ಒಂದೊಂದು ಭಾಗ, ತೀರಿಕೊಂಡ ಮಗನ ಕವಲಿಗೆ ಒಟ್ಟಾಗಿ ಒಂದು ಭಾಗ. ಈ ಕುಟುಂಬದಲ್ಲಿ ಐದು ಭಾಗಗಳಾಗುತ್ತವೆ: ಪತ್ನಿ, ಹಿರಿಯ ಮಗ, ಮಗಳು, ಎರಡನೆಯ ವಿವಾಹದ ಮಗ ಇವರಿಗೆ ಶೇಕಡಾ 20ರಂತೆ, ಸೊಸೆ ಮತ್ತು ಮೊಮ್ಮಗಳಿಗೆ ಶೇಕಡಾ 10ರಂತೆ. ಇಪ್ಪತ್ತು ವರ್ಷ ‘ಅಪ್ಪಾಜಿ’ ಎಂದು ಕರೆದ ಪತ್ನಿಯ ಮೊದಲ ವಿವಾಹದ ಮಗಳಿಗೆ ಸೊನ್ನೆ. ಮಲಮಕ್ಕಳು ಅಧಿನಿಯಮದ ‘ಮಗ’, ‘ಮಗಳು’ ಎಂಬ ಪದಗಳಲ್ಲಿ ಸೇರುವುದಿಲ್ಲ.

ಇದರ ಪರಿಣಾಮವನ್ನೂ ಹಿರಿಯರಿಗೆ ವಿವರಿಸಬೇಕು. ವಾಸದ ಮನೆಗೆ ಆರು ಮಂದಿ ಒಡೆಯರಾಗುತ್ತಾರೆ. ಆರೈಕೆ ಬೇಕಾದ ಮಗನ ಭಾಗವನ್ನು ನಿರ್ವಹಿಸಲು ನ್ಯಾಯಸಮ್ಮತ ಪೋಷಕರು ಬೇಕು. ಅಪ್ರಾಪ್ತ ಮೊಮ್ಮಗಳ ಪಾಲಿಗೆ ಪ್ರತ್ಯೇಕವಾಗಿ ಬರುವ ಸ್ಥಿರಾಸ್ತಿಯನ್ನು ನ್ಯಾಯಾಲಯದ ಅನುಮತಿಯಿಲ್ಲದೆ ಆಕೆಯ ತಾಯಿಯೂ ಮಾರಲಾಗದು. ಒಬ್ಬರು ಒಪ್ಪದಿದ್ದರೂ ಕಟ್ಟಡದ ಮಾರಾಟ, ಅಡಮಾನ, ಬಾಡಿಗೆ ಕರಾರು ಎಲ್ಲವೂ ನಿಲ್ಲುತ್ತವೆ.

ಯಾವುದನ್ನು ಬರೆಯಬಹುದು?

ಉಯಿಲಿನಲ್ಲಿ ತಮ್ಮದಲ್ಲದ ಆಸ್ತಿಯನ್ನು ಬರೆಯುವುದು ಅತ್ಯಂತ ಸಾಮಾನ್ಯವಾದ ದೋಷ. ಆದ್ದರಿಂದ ಪ್ರತಿ ಆಸ್ತಿಯ ಮುಂದೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಅದು ಯಾರ ಹೆಸರಿನಲ್ಲಿದೆ? ಯಾವ ಮೂಲದಿಂದ ಬಂದಿದೆ? ಅದರ ಮೇಲೆ ಯಾವ ಹೊಣೆಯಿದೆ?

‘ಅಪ್ಪನಿಂದ ಬಂದದ್ದೆಲ್ಲ ಪಿತ್ರಾರ್ಜಿತ’ ಎಂಬುದು ವ್ಯಾಪಕವಾದ ತಪ್ಪು ತಿಳಿವಳಿಕೆ. ತಂದೆಯು 1956ರ ನಂತರ ಉಯಿಲು ಬರೆಯದೆ ತೀರಿಕೊಂಡು, ಅವರ ಸ್ವಂತ ಆಸ್ತಿಯು ವಾರಸಿನಿಂದ ಮಗನಿಗೆ ಬಂದಿದ್ದರೆ ಅದು ಮಗನ ವೈಯಕ್ತಿಕ ಆಸ್ತಿಯೇ ಹೊರತು ಅವನ ಮಕ್ಕಳಿಗೆ ಹುಟ್ಟಿನಿಂದ ಹಕ್ಕಿರುವ ಆಸ್ತಿಯಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು ಚಂದರ್ ಸೇನ್ ಪ್ರಕರಣದಲ್ಲಿ 1986ರಲ್ಲಿ ತೀರ್ಮಾನಿಸಿತು. ಆದರೆ ಅವಿಭಕ್ತ ಕುಟುಂಬದ ಆಸ್ತಿಯ ವಿಭಾಗದಲ್ಲಿ ಬಂದ ಭಾಗದ ಸ್ಥಿತಿ ಬೇರೆ. ಅದರಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿರುತ್ತದೆ.

ಉದಾಹರಣೆಯ ಪೇಟೆಯ ಮನೆ ಸಹೋದರರ ನಡುವಿನ ವಿಭಾಗಪತ್ರದಲ್ಲಿ ಬಂದದ್ದು. ಆದ್ದರಿಂದ ಇಡೀ ಮನೆಯನ್ನು ಹಿರಿಯರು ಉಯಿಲಿನಲ್ಲಿ ಒಬ್ಬರಿಗೆ ಬರೆಯುವಂತಿಲ್ಲ. ಅಧಿನಿಯಮದ 30ನೆಯ ಕಲಮಿನಂತೆ ತಮ್ಮ ಅವಿಭಕ್ತ ಹಿತಾಸಕ್ತಿಯನ್ನು ಮಾತ್ರ ಬರೆಯಬಹುದು. ಹೆಣ್ಣುಮಕ್ಕಳ ಹಕ್ಕನ್ನೂ ಇಲ್ಲಿ ಮರೆಯಬಾರದು. 9-9-2005ರಂದು ಜಾರಿಗೆ ಬಂದ ತಿದ್ದುಪಡಿಯು ಮಗಳನ್ನು ಹುಟ್ಟಿನಿಂದಲೇ ಮಗನಿಗೆ ಸಮಾನವಾದ ಸಹದಾಯಾದಿಯನ್ನಾಗಿ ಮಾಡಿತು. ಆ ದಿನ ತಂದೆ ಜೀವಂತವಿರಬೇಕಾದ ಅಗತ್ಯವಿಲ್ಲವೆಂದು ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. 20-12-2004ಕ್ಕಿಂತ ಮೊದಲೇ ಆಗಿರುವ ವಿಭಾಗ ಹಾಗೂ ವಿಲೇವಾರಿಗಳಿಗೆ ಮಾತ್ರ ಇದರಿಂದ ಬಾಧೆಯಿಲ್ಲ. ‘ಮದುವೆಗೆ ಖರ್ಚು ಮಾಡಿದ್ದೇವೆ, ಅವಳ ಲೆಕ್ಕ ಮುಗಿಯಿತು’ ಎಂಬ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ.

ವಾಸದ ಮನೆ, ವಾಣಿಜ್ಯ ಕಟ್ಟಡ, ತೋಟ ಇವು ಹಿರಿಯರ ಸ್ವಂತ ದುಡಿಮೆಯಿಂದ ಬಂದವು ಎಂಬುದಕ್ಕೆ ಕ್ರಯಪತ್ರ, ಬ್ಯಾಂಕ್ ಪುಸ್ತಕ, ಆ ವರ್ಷಗಳ ಆದಾಯ ತೆರಿಗೆ ವಿವರಣೆಗಳನ್ನು ಒಟ್ಟುಗೂಡಿಸಿ ಇಡಬೇಕು. ಲೆಕ್ಕ ತಿಳಿದ ಬಂಧು ನಿಜವಾಗಿ ನೆರವಾಗಬಹುದಾದ ಸ್ಥಳ ಇದೇ. ಸ್ವಯಾರ್ಜಿತ ಆಸ್ತಿಯನ್ನು ಹಿಂದೂ ವ್ಯಕ್ತಿಯು ತನ್ನ ಇಚ್ಛೆಯಂತೆ ಯಾರಿಗಾದರೂ ಬರೆಯಬಹುದು. ಭೂನ್ಯಾಯ ಮಂಡಳಿಯ ಮೂಲಕ ಅಥವಾ ಸರ್ಕಾರದ ಮಂಜೂರಾತಿಯಿಂದ ಬಂದ ಜಮೀನಿದ್ದರೆ ಪರಭಾರೆಯ ನಿರ್ಬಂಧಗಳನ್ನು ಮೊದಲು ಪರಿಶೀಲಿಸಬೇಕು. ಮಾರುಕಟ್ಟೆ ಪ್ರಾಂಗಣದ ಮಳಿಗೆಯಿದ್ದರೆ ಹಂಚಿಕೆ ಕರಾರಿನ ಷರತ್ತುಗಳನ್ನು ಓದಬೇಕು.

ಕೊನೆಯದಾಗಿ ಹೊಣೆಗಳು. ಉಯಿಲಿನ ಫಲಾನುಭವಿಗಳಿಗೆ ದೊರೆಯುವುದು ಸಾಲ ತೀರಿದ ಬಳಿಕ ಉಳಿದ ಆಸ್ತಿ. ಸಂಸ್ಥೆಯ ಸಾಲಕ್ಕೆ ಹಿರಿಯರು ಬ್ಯಾಂಕಿಗೆ ವೈಯಕ್ತಿಕ ಜಾಮೀನು ಬರೆದುಕೊಟ್ಟಿದ್ದರೆ ಆ ಹೊಣೆ ಅವರ ಆಸ್ತಿಯನ್ನು ಹಿಂಬಾಲಿಸುತ್ತದೆ. ಜಾಮೀನಿನ ವಿವರವಿಲ್ಲದ ಆಸ್ತಿ ಪಟ್ಟಿ, ಕೊಡುವ ಬಾಕಿಯಿಲ್ಲದ ಅಢಾವೆ ಪತ್ರಿಕೆಯಂತೆ.

ಪ್ರತಿ ಸದಸ್ಯರ ವಿಷಯದಲ್ಲಿ

ಎರಡನೆಯ ಪತ್ನಿ: ‘ಬದುಕಿರುವವರೆಗೆ ಪತ್ನಿ ಅನುಭವಿಸಲಿ, ಅನಂತರ ಮೊದಲ ಪತ್ನಿಯ ಮಕ್ಕಳಿಗೆ ಸೇರಲಿ’ ಎಂದು ಬರೆಯುವ ರೂಢಿ ಬಹಳ ಹಳೆಯದು. ನೋಡಲು ನ್ಯಾಯವೆನಿಸುವ ಈ ಏರ್ಪಾಡಿನಲ್ಲಿ ಒಂದು ಸುಳಿಯಿದೆ. ಹಿಂದೂ ಉತ್ತರಾಧಿಕಾರ ಅಧಿನಿಯಮದ 14ನೆಯ ಕಲಮಿನ ಅಡಿಯಲ್ಲಿ, ಪತ್ನಿಗಿರುವ ಜೀವನಾಂಶದ ಹಕ್ಕಿಗೆ ಪ್ರತಿಯಾಗಿ ಕೊಟ್ಟ ಸೀಮಿತ ಹಕ್ಕು ಪೂರ್ಣ ಒಡೆತನವಾಗಿ ಪರಿಣಮಿಸಬಹುದು ಎಂದು ತುಳಸಮ್ಮ ಪ್ರಕರಣದಲ್ಲಿ 1977ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ನಂತರದ ತೀರ್ಪುಗಳಲ್ಲಿ ಭಿನ್ನಾಭಿಪ್ರಾಯಗಳು ಮೂಡಿದ್ದರಿಂದ 2024ರ ಡಿಸೆಂಬರ್‌ನಲ್ಲಿ ನ್ಯಾಯಾಲಯವೇ ಈ ಪ್ರಶ್ನೆಯನ್ನು ದೊಡ್ಡ ಪೀಠದ ಪರಿಶೀಲನೆಗೆ ಒಪ್ಪಿಸಿತು. ಹಾಗಾಗಿ ಆಜೀವ ಹಕ್ಕಿನ ಮೇಲೆ ಇಡೀ ಹಂಚಿಕೆಯನ್ನು ನಿಲ್ಲಿಸುವುದಕ್ಕಿಂತ, ಪತ್ನಿಗೆ ನಿರ್ದಿಷ್ಟ ಆಸ್ತಿಯೊಂದನ್ನು ಪೂರ್ಣವಾಗಿ ಕೊಟ್ಟು, ಉಳಿದವರಿಗೆ ಬೇರೆ ಆಸ್ತಿಗಳನ್ನು ನೇರವಾಗಿ ಕೊಡುವುದು ವ್ಯಾಜ್ಯರಹಿತವಾದ ಮಾರ್ಗ. ಪತ್ನಿಯನ್ನು ಪೂರ್ತಿ ಕೈಬಿಡುವುದೂ ವಿವೇಕವಲ್ಲ. ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮ, 1956ರ ಪ್ರಕಾರ ಅವಲಂಬಿತರು ಮೃತರ ಆಸ್ತಿಯನ್ನು ಪಡೆದವರಿಂದ ಜೀವನಾಂಶ ಕೇಳಬಹುದು.

ಮೊದಲ ಪತ್ನಿ ಜೀವಂತವಿರುವಾಗಲೇ ಎರಡನೆಯ ವಿವಾಹವಾಗಿದ್ದರೆ ಪರಿಸ್ಥಿತಿ ಬೇರೆ. 1955ರ ಹಿಂದೂ ವಿವಾಹ ಅಧಿನಿಯಮದ ನಂತರ ಆ ವಿವಾಹ ಅಸಿಂಧು, ಆಕೆ ವಾರಸುದಾರಳಾಗುವುದಿಲ್ಲ. ಆದರೆ ಮಕ್ಕಳು ಔರಸರೇ. ತಂದೆಯ ಸ್ವಂತ ಆಸ್ತಿಯಲ್ಲದೆ, ಅವಿಭಕ್ತ ಆಸ್ತಿಯಲ್ಲಿ ತಂದೆಗೆ ಬರುವ ಭಾಗದಲ್ಲೂ ಅವರಿಗೆ ಹಕ್ಕಿದೆಯೆಂದು ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ 2023ರ ಸೆಪ್ಟೆಂಬರ್ 1ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿತು. ಇಂತಹ ಕುಟುಂಬಗಳಲ್ಲಿ ಆ ಪತ್ನಿಗೆ ರಕ್ಷಣೆ ದೊರೆಯುವ ದೃಢವಾದ ದಾರಿ ಉಯಿಲು. ಅದರಲ್ಲಿ ಆಕೆಯನ್ನು ಕೇವಲ ‘ನನ್ನ ಪತ್ನಿ’ ಎನ್ನದೆ ಹೆಸರು ಮತ್ತು ವಿವರಗಳಿಂದ ಗುರುತಿಸಬೇಕು.

ಪತ್ನಿಯ ಮಗಳು: ಈಕೆಗೆ ಏನು ಕೊಡಬೇಕೆಂದಿದ್ದರೂ ಉಯಿಲಿನಲ್ಲಿ ಹೆಸರು ಹಿಡಿದು ಬರೆಯಬೇಕು. ‘ನನ್ನ ಎಲ್ಲ ಮಕ್ಕಳಿಗೆ ಸಮನಾಗಿ’ ಎಂದು ಬರೆದರೆ ಆಕೆ ಸೇರುವಳೇ ಇಲ್ಲವೇ ಎಂಬ ವಿವಾದಕ್ಕೆ ಹಿರಿಯರೇ ಅಡಿಪಾಯ ಹಾಕಿದಂತಾಗುತ್ತದೆ.

ಆರೈಕೆ ಬೇಕಾದ ಮಗ: ಆತನ ಹೆಸರಿಗೆ ನೇರವಾಗಿ ಆಸ್ತಿ ಬರೆಯುವುದರಿಂದ ಆತನಿಗೆ ಪ್ರಯೋಜನ ಕಡಿಮೆ. ಉಯಿಲಿನ ಮೂಲಕವೇ ಖಾಸಗಿ ನ್ಯಾಸವೊಂದನ್ನು ರಚಿಸಿ, ವಾಣಿಜ್ಯ ಕಟ್ಟಡದ ಬಾಡಿಗೆಯಂತಹ ನಿಶ್ಚಿತ ಆದಾಯವನ್ನು ಆತನ ಊಟ, ಔಷಧ, ಆರೈಕೆಗೆ ಮೀಸಲಿಡಬಹುದು. ಇಬ್ಬರು ನ್ಯಾಸಧಾರಿಗಳು, ಅವರಲ್ಲೊಬ್ಬರು ಇಲ್ಲವಾದರೆ ಮುಂದಿನವರು ಯಾರು, ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆ, ಮಗನ ಕಾಲಾನಂತರ ಆಸ್ತಿ ಯಾರಿಗೆ ಎಂಬ ನಾಲ್ಕು ಅಂಶಗಳು ತಪ್ಪದೆ ಇರಬೇಕು. ಆತನ ವೈಯಕ್ತಿಕ ಪೋಷಕತ್ವಕ್ಕೆ ರಾಷ್ಟ್ರೀಯ ನ್ಯಾಸ ಅಧಿನಿಯಮ, 1999ರ ಅಡಿಯ ಸ್ಥಳೀಯ ಮಟ್ಟದ ಸಮಿತಿಗೆ ತಂದೆ ತಾಯಿ ಜೀವಂತವಿರುವಾಗಲೇ ಅರ್ಜಿ ಸಲ್ಲಿಸುವುದು ಒಳ್ಳೆಯದು.

ಸೊಸೆ ಮತ್ತು ಮೊಮ್ಮಗಳು: ಮೊಮ್ಮಗಳಿಗೆ ಬರೆಯುವ ಆಸ್ತಿಯನ್ನು ಆಕೆ ಪ್ರಾಪ್ತ ವಯಸ್ಕಳಾಗುವವರೆಗೆ ಯಾರು ನಿರ್ವಹಿಸಬೇಕು, ವಿದ್ಯಾಭ್ಯಾಸಕ್ಕೆ ಎಷ್ಟು ಬಳಸಬಹುದು ಎಂಬುದನ್ನು ಸೂಚಿಸಬೇಕು. ಸೊಸೆಯ ಭಾಗವನ್ನು ಮೊಮ್ಮಗಳ ಭಾಗದೊಡನೆ ಬೆರೆಸದೆ ಪ್ರತ್ಯೇಕವಾಗಿ ಬರೆಯುವುದು ಇಬ್ಬರಿಗೂ ಹಿತ.

ಹಿರಿಯ ಮಗ: ಮನೆ ಕಟ್ಟಲು, ವ್ಯಾಪಾರಕ್ಕೆ ಬಂಡವಾಳ ಹಾಕಲು ಈಗಾಗಲೇ ಹಣ ಕೊಟ್ಟಿದ್ದರೆ ಅದು ಸಾಲವೇ, ಕೊಡುಗೆಯೇ ಎಂಬುದನ್ನು ಉಯಿಲಿನಲ್ಲಿ ಸ್ಪಷ್ಟಪಡಿಸಬೇಕು. ‘ಅಣ್ಣನಿಗೆ ಆಗಲೇ ಕೊಟ್ಟಿದ್ದಾರೆ’ ಎಂಬ ಮಾತು ಮತ್ತು ‘ನಾನು ದುಡಿದು ಅಂಗಡಿ ಬೆಳೆಸಿದೆ’ ಎಂಬ ಮಾತು, ಎರಡಕ್ಕೂ ಉತ್ತರ ಕೊಡಬಲ್ಲವರು ಹಿರಿಯರೊಬ್ಬರೇ.

ವ್ಯವಹಾರದ ಭವಿಷ್ಯ

ವರ್ತಕರ ಉಯಿಲಿನಲ್ಲಿ ಅತಿ ಹೆಚ್ಚು ಉಪೇಕ್ಷೆಗೊಳಗಾಗುವುದು ವ್ಯವಹಾರವೇ. ಭಾರತೀಯ ಪಾಲುದಾರಿಕೆ ಅಧಿನಿಯಮ, 1932ರ 42ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಇಲ್ಲದಿದ್ದರೆ ಪಾಲುದಾರನೊಬ್ಬನ ಮರಣದಿಂದ ಸಂಸ್ಥೆ ವಿಸರ್ಜನೆಯಾಗುತ್ತದೆ. ಇಬ್ಬರೇ ಪಾಲುದಾರರಿದ್ದರೆ ಒಬ್ಬರ ಮರಣದ ನಂತರ ಪಾಲುದಾರಿಕೆ ಉಳಿಯಲು ಸಾಧ್ಯವೇ ಇಲ್ಲ. ಉಯಿಲಿನಲ್ಲಿ ‘ನನ್ನ ಪಾಲುದಾರಿಕೆಯನ್ನು ಮಗಳಿಗೆ ಕೊಟ್ಟಿದ್ದೇನೆ’ ಎಂದು ಬರೆದ ಮಾತ್ರಕ್ಕೆ ಮಗಳು ಪಾಲುದಾರಳಾಗುವುದಿಲ್ಲ. ಉಳಿದ ಪಾಲುದಾರರ ಸಮ್ಮತಿ ಅಥವಾ ಕರಾರಿನಲ್ಲಿ ಅವಕಾಶ ಬೇಕು. ಆಕೆಗೆ ದೊರೆಯುವುದು ಬಂಡವಾಳ ಮತ್ತು ಲಾಭದ ಲೆಕ್ಕ ಮಾತ್ರ.

ಆದ್ದರಿಂದ ಉಯಿಲಿಗೂ ಮುಂಚೆ ಪಾಲುದಾರಿಕೆ ಪತ್ರವನ್ನು ತೆಗೆದು ಓದಬೇಕು. ಮರಣಾನಂತರ ಸಂಸ್ಥೆ ಮುಂದುವರಿಯುವ ಬಗೆ, ಮೃತರ ಪಾಲಿನ ಮೌಲ್ಯಮಾಪನದ ವಿಧಾನ, ವರ್ತನಾಮದ ಹಾಗೂ ವ್ಯಾಪಾರಿ ಖ್ಯಾತಿಯ ಬೆಲೆ, ಹಣ ಪಾವತಿಯ ಕಂತುಗಳು ಇವು ಪತ್ರದಲ್ಲಿಲ್ಲದಿದ್ದರೆ ಪತ್ರವನ್ನು ತಿದ್ದುಪಡಿ ಮಾಡಬೇಕು. ಲೆಕ್ಕ ತೀರಿಸದೆ ಉಳಿದ ಪಾಲುದಾರರು ವ್ಯವಹಾರ ಮುಂದುವರಿಸಿದರೆ, ಬೇರೆ ಕರಾರಿಲ್ಲದ ಪಕ್ಷದಲ್ಲಿ, ಮೃತರ ಕಡೆಯವರು ಆ ಬಂಡವಾಳದಿಂದ ಬಂದ ಲಾಭವನ್ನಾಗಲಿ ವಾರ್ಷಿಕ ಶೇಕಡಾ 6ರ ಬಡ್ಡಿಯನ್ನಾಗಲಿ ಕೇಳಬಹುದು. ಈ ಆಯ್ಕೆಯೇ ಎಷ್ಟೋ ಮನೆಗಳಲ್ಲಿ ಅಣ್ಣ ತಮ್ಮಂದಿರ ಮಾತು ನಿಲ್ಲಿಸುತ್ತದೆ.

ಏಕಮಾಲೀಕತ್ವದ ಅಂಗಡಿಯಾದರೆ ಸರಕು ಮತ್ತು ಸೇವಾ ತೆರಿಗೆಯ ನೋಂದಣಿ ಮೃತರೊಡನೆ ಮುಗಿಯುತ್ತದೆ. ವ್ಯಾಪಾರ ಮುಂದುವರಿಸುವವರು ಹೊಸ ನೋಂದಣಿ ಪಡೆಯಬೇಕು. ಬಳಸದೆ ಉಳಿದ ಹೂಡುವಳಿ ತೆರಿಗೆಯ ಜಮೆಯನ್ನು ಐಟಿಸಿ-02 ನಮೂನೆಯ ಮೂಲಕ ವರ್ಗಾಯಿಸಿಕೊಳ್ಳಬೇಕು. ಹಳೆಯ ತೆರಿಗೆ ಬಾಕಿಯೂ ವ್ಯಾಪಾರದೊಡನೆ ಬರುತ್ತದೆ. ಯಾರು ಮುಂದುವರಿಸಬೇಕೆಂಬುದು ಉಯಿಲಿನಲ್ಲಿ ಸ್ಪಷ್ಟವಿದ್ದರೆ ಈ ಕ್ರಮಗಳು ತಡವಿಲ್ಲದೆ ನಡೆಯುತ್ತವೆ.

ನಾಮಿನಿ ಒಡೆಯನಲ್ಲ

ಉದಾಹರಣೆಯ ಹಿರಿಯರು ಬ್ಯಾಂಕ್ ಠೇವಣಿ ಮತ್ತು ಷೇರುಗಳಿಗೆ ಬಹಳ ಹಿಂದೆಯೇ ಹಿರಿಯ ಮಗನನ್ನು ನಾಮಿನಿ ಮಾಡಿದ್ದರು. ‘ಅದು ಹೇಗೂ ಅವನಿಗೆ ಹೋಗುತ್ತದೆ’ ಎಂಬುದು ಅವರ ತಿಳಿವಳಿಕೆ. ಬ್ಯಾಂಕ್ ಠೇವಣಿಯ ನಾಮಿನಿಯು ಹಣ ಸ್ವೀಕರಿಸುವ ಹಕ್ಕುಳ್ಳವನೇ ಹೊರತು ಅದರ ಒಡೆಯನಲ್ಲ. ಒಡೆತನವನ್ನು ನಿರ್ಧರಿಸುವುದು ಉಯಿಲು ಅಥವಾ ಉತ್ತರಾಧಿಕಾರದ ಕಾನೂನು. ಷೇರುಗಳಿಗೂ ಇದೇ ನಿಯಮವೆಂದು ಶಕ್ತಿ ಯಜ್ದಾನಿ ಪ್ರಕರಣದಲ್ಲಿ 2023ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ನಿರ್ಣಯಿಸಿತು. ಜೀವವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿಯು ತಂದೆ ತಾಯಿ, ಪತಿ ಅಥವಾ ಪತ್ನಿ ಹಾಗೂ ಮಕ್ಕಳು ನಾಮಿನಿಗಳಾಗಿದ್ದರೆ ಅವರನ್ನು ಹಣಕ್ಕೆ ಹಕ್ಕುಳ್ಳ ಫಲಾನುಭವಿಗಳೆಂದು ಪರಿಗಣಿಸುತ್ತದೆ.

2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಸೂಚಿಸಬಹುದಾಗಿದೆ. ಉಯಿಲು ಬರೆದ ವಾರದಲ್ಲಿಯೇ ನಾಮಿನಿಗಳ ಪಟ್ಟಿಯನ್ನು ಉಯಿಲಿಗೆ ಹೊಂದುವಂತೆ ಬದಲಿಸುವುದು ಒಳ್ಳೆಯದು. ಉಯಿಲು ಒಂದು ಹೆಸರನ್ನೂ ನಾಮಪತ್ರ ಇನ್ನೊಂದು ಹೆಸರನ್ನೂ ಹೇಳಿದರೆ ಹಣ ಪಡೆದವನೂ ಹಕ್ಕುಳ್ಳವನೂ ಎದುರುಬದುರಾಗಿ ನಿಲ್ಲುತ್ತಾರೆ.

ನೆರವಾಗುವವರ ಎಲ್ಲೆ

ಈಗ ಸೋದರಳಿಯನ ಪಾತ್ರ. ಉಯಿಲಿನ ವ್ಯಾಜ್ಯಗಳಲ್ಲಿ ಇಂದಿಗೂ ಉಲ್ಲೇಖಗೊಳ್ಳುವ ತೀರ್ಪು ಮೈಸೂರು ರಾಜ್ಯದಿಂದಲೇ ಹೋದ ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಾಜಮ್ಮ ಪ್ರಕರಣದ್ದು. 1959ರ ವರದಿಗಳಲ್ಲಿ ಪ್ರಕಟವಾದದ್ದು. ಉಯಿಲಿನ ಸುತ್ತ ಸಂಶಯಾಸ್ಪದ ಸಂದರ್ಭಗಳಿದ್ದರೆ ಅವನ್ನು ನಿವಾರಿಸುವ ಹೊಣೆ ಉಯಿಲನ್ನು ಮುಂದಿಡುವವರದು ಎಂದು ಸರ್ವೋಚ್ಚ ನ್ಯಾಯಾಲಯ ಅದರಲ್ಲಿ ಹೇಳಿತು. ನಡುಗುವ ಸಹಿ, ಕ್ಷೀಣಿಸಿದ ಮನಸ್ಥಿತಿ, ಕಾರಣವಿಲ್ಲದ ಅಸಹಜ ಹಂಚಿಕೆ ಇವುಗಳ ಜೊತೆಗೆ, ಗಣನೀಯ ಲಾಭ ಪಡೆಯುವ ವ್ಯಕ್ತಿಯೇ ಉಯಿಲು ಬರೆಸುವುದರಲ್ಲಿ ಮುಖ್ಯ ಪಾತ್ರ ವಹಿಸಿರುವುದೂ ಸಂಶಯದ ಸಂದರ್ಭವೇ.

ಇದರ ಅರ್ಥ ಸರಳ. ಪ್ರೀತಿಯಿಂದ ಎಲ್ಲ ಓಡಾಟವನ್ನೂ ತಾನೇ ಮಾಡಿದ ಬಂಧುವಿನ ಓಡಾಟವೇ ನಾಳೆ ಉಯಿಲಿಗೆ ಮುಳುವಾಗಬಹುದು. ಆದ್ದರಿಂದ ಕಾಗದಪತ್ರ ಜೋಡಿಸುವುದು, ಪಟ್ಟಿ ಮಾಡುವುದು, ವಕೀಲರ ಬಳಿಗೆ ಕರೆದೊಯ್ಯುವುದು ಇವು ನೆರವಾಗುವವರ ಕೆಲಸ. ಯಾರಿಗೆ ಎಷ್ಟು ಎಂಬ ಮಾತುಕತೆ ಹಿರಿಯರು ಮತ್ತು ವಕೀಲರ ನಡುವೆಯೇ ನಡೆಯಬೇಕು. ಆಗ ನೆರವಾಗುವವರು ಹೊರಗೆ ಕುಳಿತಿರಬೇಕು. ಉಯಿಲಿನಲ್ಲಿ ತಮಗೆ ಏನಾದರೂ ಬರುವುದಿದ್ದರೆ ಸಾಕ್ಷಿಯಾಗಲೂಬಾರದು, ಕರಡು ಬರೆಯಲೂಬಾರದು. ‘ನಿನಗೂ ಏನಾದರೂ ಬರೆಯುತ್ತೇನೆ’ ಎಂದು ಹಿರಿಯರು ಹೇಳಿದಾಗ, ‘ಮಾವ, ನನಗೆ ಬೇಡ, ಬರೆದರೆ ಉಳಿದದ್ದೂ ನಿಲ್ಲುವುದಿಲ್ಲ’ ಎಂದು ಹೇಳಬಲ್ಲವನೇ ನಿಜವಾದ ನೆರವುಗಾರ.

ಬರೆಯುವ ಕ್ರಮ

ಉಯಿಲಿಗೆ ಛಾಪಾಕಾಗದ ಬೇಕಿಲ್ಲ. ಮುದ್ರಾಂಕ ಶುಲ್ಕವೂ ಇಲ್ಲ. ಬಿಳಿ ಹಾಳೆಯಲ್ಲಿ, ಹಿರಿಯರು ಓದಬಲ್ಲ ಭಾಷೆಯಲ್ಲಿ ಇದ್ದರೆ ಸಾಕು. ಭಾರತೀಯ ಉತ್ತರಾಧಿಕಾರ ಅಧಿನಿಯಮ, 1925ರ 63ನೆಯ ಕಲಮಿನಂತೆ ಉಯಿಲು ಬರೆಯುವವರು ಸಹಿ ಅಥವಾ ಗುರುತು ಹಾಕಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳು ಆ ಸಹಿಯನ್ನು ಕಂಡಿರಬೇಕು ಅಥವಾ ಸಹಿ ತಮ್ಮದೆಂದು ಅವರು ಒಪ್ಪಿದ್ದನ್ನು ಕೇಳಿರಬೇಕು, ಅವರ ಸಮಕ್ಷಮದಲ್ಲಿ ತಾವೂ ಸಹಿ ಮಾಡಬೇಕು. ಮುಂದೆ ನ್ಯಾಯಾಲಯದಲ್ಲಿ ಉಯಿಲನ್ನು ರುಜುವಾತುಪಡಿಸಲು, ಸಾಕ್ಷಿಗಳು ಬದುಕಿದ್ದರೆ, ಒಬ್ಬರಾದರೂ ಹಾಜರಾಗಬೇಕಾಗುವುದರಿಂದ ಹಿರಿಯರಿಗಿಂತ ಕಿರಿಯ ವಯಸ್ಸಿನ, ಊರಿನಲ್ಲೇ ನೆಲೆಸಿರುವ, ಲಾಭವಿಲ್ಲದ ವ್ಯಕ್ತಿಗಳನ್ನು ಆರಿಸಬೇಕು. ವಯೋವೃದ್ಧರಾದರೆ ಅದೇ ದಿನದ ವೈದ್ಯರ ಪ್ರಮಾಣಪತ್ರ ಇರಲಿ. ಸಾಧ್ಯವಾದರೆ ಆ ವೈದ್ಯರೇ ಒಬ್ಬ ಸಾಕ್ಷಿಯಾಗಲಿ.

ಅಸಮಾನ ಹಂಚಿಕೆಯಿದ್ದರೆ ಕಾರಣವನ್ನು ಎರಡು ವಾಕ್ಯಗಳಲ್ಲಿ, ಯಾರನ್ನೂ ನೋಯಿಸದೆ ಬರೆಯಬೇಕು. ಫಲಾನುಭವಿಯೊಬ್ಬರು ಮೊದಲೇ ತೀರಿಕೊಂಡರೆ ಆ ಭಾಗ ಯಾರಿಗೆ, ಪಟ್ಟಿಯಲ್ಲಿ ಬಿಟ್ಟುಹೋದ ಅಥವಾ ಮುಂದೆ ಗಳಿಸುವ ಆಸ್ತಿ ಯಾರಿಗೆ ಎಂಬ ಎರಡು ಕಲಮುಗಳು ಅತ್ಯಗತ್ಯ. ನಿರ್ವಾಹಕರೊಬ್ಬರನ್ನು ನೇಮಿಸಿ, ಅವರಿಲ್ಲದಿದ್ದರೆ ಇನ್ನೊಬ್ಬರನ್ನು ಸೂಚಿಸಬೇಕು. ಹಿಂದಿನ ಎಲ್ಲ ಉಯಿಲುಗಳನ್ನು ರದ್ದುಪಡಿಸಿರುವುದಾಗಿ ನಮೂದಿಸಬೇಕು.

ನೋಂದಣಿ ಕಡ್ಡಾಯವಲ್ಲ, ನೋಂದಣಿಯಾದ ಮಾತ್ರಕ್ಕೆ ಸಂಶಯಗಳೆಲ್ಲ ನಿವಾರಣೆಯಾಗುವುದೂ ಇಲ್ಲ. ಆದರೂ ಜಟಿಲ ಕುಟುಂಬಗಳಲ್ಲಿ ಉಪನೋಂದಣಾಧಿಕಾರಿಗಳ ಮುಂದೆ ಹಿರಿಯರೇ ಹಾಜರಾಗಿ ನೋಂದಾಯಿಸುವುದು ಹಿತ. ಓಡಾಡಲಾಗದವರಿದ್ದರೆ ಅಧಿಕಾರಿಗಳು ಮನೆಗೇ ಬರಲು ಕಾನೂನಿನಲ್ಲಿ ಅವಕಾಶವಿದೆ. ಹಿರಿಯರ ಜೀವಿತಕಾಲದಲ್ಲಿ ನೋಂದಾಯಿತ ಉಯಿಲಿನ ನಕಲು ಅವರಿಗೆ ಅಥವಾ ಅವರ ಪ್ರತಿನಿಧಿಗೆ ಹೊರತು ಬೇರೆಯವರಿಗೆ ದೊರೆಯುವುದಿಲ್ಲ. ಜಿಲ್ಲಾ ನೋಂದಣಾಧಿಕಾರಿಗಳಲ್ಲಿ ಮೊಹರು ಮಾಡಿದ ಲಕೋಟೆಯಲ್ಲಿ ಠೇವಣಿ ಇಡುವ ಸೌಲಭ್ಯವೂ ಇದೆ. ನೋಂದಾಯಿತ ಉಯಿಲನ್ನೂ ಹಿರಿಯರು ಸ್ವಸ್ಥಚಿತ್ತರಾಗಿರುವವರೆಗೆ ಎಷ್ಟು ಸಲವಾದರೂ ಬದಲಿಸಬಹುದು.

ಇತರ ಧರ್ಮೀಯ ಸದಸ್ಯರು ತಮ್ಮ ಕಾನೂನಿನ ಭೇದಗಳನ್ನು ಗಮನಿಸಬೇಕು. ಮುಸ್ಲಿಂ ವ್ಯಕ್ತಿಯು ವಾರಸುದಾರರ ಒಪ್ಪಿಗೆಯಿಲ್ಲದೆ ಸಾಲ ಮತ್ತು ಅಂತ್ಯಕ್ರಿಯೆಯ ವೆಚ್ಚ ಕಳೆದು ಉಳಿದ ಆಸ್ತಿಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಬರೆಯುವಂತಿಲ್ಲ. ಕ್ರೈಸ್ತರಲ್ಲಿ ಉಯಿಲಿನ ನಂತರದ ವಿವಾಹವು ಉಯಿಲನ್ನು ರದ್ದುಮಾಡುತ್ತದೆ; ಸಾಕ್ಷಿಗೆ ಅಥವಾ ಸಾಕ್ಷಿಯ ಪತಿ ಅಥವಾ ಪತ್ನಿಗೆ ಬರೆದ ಭಾಗವೂ ಅನೂರ್ಜಿತವಾಗುತ್ತದೆ.

ಉಯಿಲೋ, ದಾನಪತ್ರವೋ?

‘ಈಗಲೇ ದಾನಪತ್ರ ಮಾಡಿಬಿಡಿ’ ಎಂಬ ಒತ್ತಾಯ ಮಕ್ಕಳಿಂದ ಬರುವುದುಂಟು. ದಾನಪತ್ರ ನೋಂದಣಿಯಾದ ದಿನವೇ ಒಡೆತನ ಹೋಗುತ್ತದೆ. ಉಯಿಲು ಮರಣದವರೆಗೆ ಹಿರಿಯರ ಕೈಯಲ್ಲೇ ಇರುತ್ತದೆ. ಪೋಷಣೆಯ ಭರವಸೆಯ ಮೇಲೆ ದಾನ ಕೊಡಲೇಬೇಕಾದರೆ ಆ ಷರತ್ತನ್ನು ಪತ್ರದಲ್ಲಿಯೇ ಬರೆಸಬೇಕು. ಷರತ್ತು ಮುರಿದರೆ ಹಿರಿಯ ನಾಗರಿಕರ ಪೋಷಣೆಯ 2007ರ ಅಧಿನಿಯಮದ 23ನೆಯ ಕಲಮಿನಡಿ ದಾನವನ್ನು ರದ್ದುಪಡಿಸಿಕೊಳ್ಳಲು ಅದು ಆಧಾರವಾಗುತ್ತದೆ.

ತೆರಿಗೆಯ ಭಯವೂ ಬೇಡ. ಎಸ್ಟೇಟ್ ಡ್ಯೂಟಿ 1985ರಲ್ಲಿಯೇ ರದ್ದಾಗಿದೆ. ಉಯಿಲಿನಿಂದ ಬಂದ ಆಸ್ತಿಯು ಪಡೆದವರ ಆದಾಯವೆನಿಸುವುದಿಲ್ಲ. ಮುಂದೆ ಮಾರಿದಾಗ ಮಾತ್ರ ಬಂಡವಾಳ ಲಾಭದ ಪ್ರಶ್ನೆ ಬರುತ್ತದೆ. ಆಗ ಹಿರಿಯರು ಕೊಂಡ ಬೆಲೆಯೇ, ಅಥವಾ 1-4-2001ಕ್ಕಿಂತ ಹಿಂದಿನ ಆಸ್ತಿಯಾದರೆ ನಿಯಮಾನುಸಾರ ಆ ದಿನದ ಮೌಲ್ಯ, ಲೆಕ್ಕಕ್ಕೆ ಬರುತ್ತದೆ. ಹಳೆಯ ಕ್ರಯಪತ್ರಗಳನ್ನು ಉಯಿಲಿನೊಡನೆ ಕಾಪಾಡಿಡಲು ಇದೂ ಒಂದು ಕಾರಣ.

ಕೊನೆಯ ಮಾತು

ಉದಾಹರಣೆಯ ಹಿರಿಯರು ಅಂತಿಮವಾಗಿ ಹೀಗೆ ತೀರ್ಮಾನಿಸಿದರೆಂದು ಇಟ್ಟುಕೊಳ್ಳೋಣ: ವಾಸದ ಮನೆ ಪತ್ನಿಗೆ ಪೂರ್ಣವಾಗಿ, ವಾಣಿಜ್ಯ ಕಟ್ಟಡ ಆರೈಕೆ ಬೇಕಾದ ಮಗನ ನ್ಯಾಸಕ್ಕೆ, ಆತನ ನಂತರ ಮೊಮ್ಮಕ್ಕಳಿಗೆ, ಸಂಸ್ಥೆಯ ಬಂಡವಾಳ ಹಿರಿಯ ಮಗನಿಗೆ, ತೋಟ ಮಗಳಿಗೆ, ಷೇರುಗಳು ಸೊಸೆಗೆ, ಪೇಟೆಯ ಮನೆಯಲ್ಲಿನ ತಮ್ಮ ಭಾಗ ಮೊಮ್ಮಗಳಿಗೆ, ಠೇವಣಿಗಳು ಪತ್ನಿಯ ಮಗಳಿಗೆ, ಹೆಸರು ಹಿಡಿದು. ಅಢಾವೆ ಪತ್ರಿಕೆಯಂತೆ ಎರಡು ಬದಿಯೂ ಸರಿಸಮನಾಗಿ ಕೂಡುವ ಹಂಚಿಕೆ ಇದಲ್ಲ. ಇನ್ನೊಬ್ಬ ಹಿರಿಯರು ಬೇರೆ ರೀತಿ ಬರೆಯಬಹುದು. ಆದರೆ ಪ್ರತಿಯೊಬ್ಬರ ಹೆಸರನ್ನೂ ಹಿರಿಯರು ನೆನೆದಿದ್ದಾರೆ, ಪ್ರತಿಯೊಂದಕ್ಕೂ ಕಾರಣ ಕೊಟ್ಟಿದ್ದಾರೆ, ಯಾರದ್ದನ್ನೋ ಯಾರಿಗೋ ಬರೆದಿಲ್ಲ.

ಬರೆದ ಮೇಲೆ ಮಕ್ಕಳಿಗೆ ಹೇಳಬೇಕೇ ಎಂಬ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರವಿಲ್ಲ. ಆದರೆ ತಂದೆಯ ಬಾಯಿಂದ ಕೇಳಿದ ಕಹಿ ಮಾತನ್ನು ಮಕ್ಕಳು ನುಂಗಿಕೊಳ್ಳುತ್ತಾರೆ. ವಕೀಲರ ನೋಟಿಸಿನಿಂದ ತಿಳಿದದ್ದನ್ನು ನುಂಗಿಕೊಳ್ಳುವುದಿಲ್ಲ. ಮನೆಯಲ್ಲಿ ಹಿರಿಯರಿರುವ ಸದಸ್ಯರು ಆಸ್ತಿ ಮತ್ತು ಹೊಣೆಗಳ ಒಂದು ಪುಟದ ಪಟ್ಟಿಯಿಂದಾದರೂ ಈ ಕಾರ್ಯವನ್ನು ಆರಂಭಿಸುವುದು ಉಚಿತ. ಹಿರಿಯರ ನೆನಪು ಚೊಕ್ಕವಾಗಿರುವಾಗ, ಕೈ ನಡ��ಗದಿರುವಾಗ, ಅವರೇ ಕುಳಿತು ಮಾಡುವ ಪಟ್ಟಿಗಿರುವ ಬೆಲೆ ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಅವಸರದಿಂದ ಬರೆಸಿದ ಯಾವ ಪತ್ರಕ್ಕೂ ಬಾರದು.